ಮೂಟೆ ಹೊತ್ತು ನಡೆದು ನೋಡಿ

ನನ್ನ ಹತ್ತಿರ ಮನೆ ಕಟ್ಟಿಸಲು ಬರುವವರ ಕೈಯಲ್ಲಿ ನಾನು ಮೊದಲು ಮಾಡಿಸುವ ಕೆಲಸ ಒಂದಿದೆ. ನೆಲ ಸಮ ಮಾಡಿ ಆದಮೇಲೆ, ಪಾಯ ತೆಗೆಯುವ ಮೊದಲು, ಪ್ಲಾನಿನಲ್ಲಿರುವ ಅಷ್ಟೂ ಗೋಡೆಗಳನ್ನು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಎಳೆಯುತ್ತೇನೆ. ಬಾಗಿಲು ಬರುವ ಕಡೆ ಗೆರೆ ಬಿಟ್ಟಿರುತ್ತೇನೆ, ಮೆಟ್ಟಿಲು ಬರುವ ಕಡೆ ಅಡ್ಡಡ್ಡ ಗೆರೆ ಹಾಕಿರುತ್ತೇನೆ. ಆಮೇಲೆ ಕಾಫಿ ಹೊಟ್ಟು ತುಂಬಿದ ಗೋಣಿಮೂಟೆ ಒಂದನ್ನು ತಂದು ಯಜಮಾನರ ತಲೆ ಮೇಲೆ ಇಟ್ಟು, ಈಗ ನಿಮ್ಮ ಮನೆಯೊಳಗೆ ಓಡಾಡಿ, ಗೆರೆ ಮಾತ್ರ ತುಳಿಯಬೇಡಿ ಅನ್ನುತ್ತೇನೆ.

ಎಲ್ಲರೂ ನಗುತ್ತಾರೆ. ಹೋದ ವರ್ಷ ಬಿಸಿಲೆ ರಸ್ತೆ ಕಡೆ ಒಬ್ಬ ಮೇಷ್ಟ್ರ ಮನೆ ಶುರು ಮಾಡಿದಾಗ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮೂಟೆ ನೋಡಿ, ತಾವು ಮೂಟೆ ಹೊರುವ ಜನ ಅಲ್ಲ ಎಂದರು. ಗ್ಯಾಸ್ ಸಿಲಿಂಡರ್ ಹೊರೋದಿಲ್ವಾ, ಬೀರು ತರೋದಿಲ್ವಾ, ವಯಸ್ಸಾದವರನ್ನು ಒಂದಲ್ಲ ಒಂದು ದಿನ ಕುರ್ಚಿ ಸಮೇತ ಎತ್ತಿಕೊಂಡು ಬಚ್ಚಲಿಗೆ ಹೋಗಬೇಕಾಗೋದಿಲ್ವಾ ಎಂದು ಕೇಳಿದೆ. ಮೂಟೆಗೆ ತಲೆ ಕೊಟ್ಟರು. ಅಡುಗೆಮನೆಯಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ನಾಲ್ಕು ಕಡೆ ಗೋಡೆ ತುಳಿದಿದ್ದರು. ಅವರ ಹೆಂಡತಿ ಪಕ್ಕದಲ್ಲಿ ನಿಂತು ಬೆರಳು ಮಡಚಿ ಎಣಿಸುತ್ತಿದ್ದರು. ಅವತ್ತೇ ಎರಡು ಬಾಗಿಲು ಅಗಲವಾದವು, ಹಾಲಿನ ನಡುವೆ ಬರಬೇಕಿದ್ದ ಒಂದು ಕಮಾನು ಹೋಯಿತು. ಸುಣ್ಣದ ಗೆರೆ ಅಳಿಸಲು ಕಾಲು ಸಾಕು. ಗೋಡೆ ಎದ್ದಮೇಲೆ ಸುತ್ತಿಗೆ ಬೇಕು, ಬೀಮು ಬಿದ್ದಮೇಲೆ ಸುತ್ತಿಗೆಯಿಂದಲೂ ಆಗುವುದಿಲ್ಲ.

ಈ ಬುದ್ಧಿ ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ನನ್ನ ಸ್ವಂತ ಮನೆ ಕಟ್ಟಿ ಕಲಿತದ್ದು. ಊರಿಗೆಲ್ಲ ಮನೆ ಕಟ್ಟಿದವನು ತನ್ನ ಮನೆಯಲ್ಲಿ ಎಡವಿದ ಕಥೆ ಹೇಳಿಕೊಳ್ಳಲು ನಾಚಿಕೆ ಆಗಬೇಕು. ಮೊದಲು ಆಗುತ್ತಿತ್ತು, ಈಗ ಹೇಳಿ ಹೇಳಿ ರೂಢಿಯಾಗಿದೆ.

ನಾನು ಓದಿದ್ದು ಆರನೇ ಕ್ಲಾಸು. ಆಲೂರು ಕಡೆಯ ಹಳ್ಳಿಯವನು. ಶಾಲೆ ಬಿಟ್ಟ ವಾರವೇ ಸಿಮೆಂಟ್ ಕಲಸಲು ಹೋದೆ. ಕೈಗೆ ಕರಣೆ ಸಿಗಲು ಮೂರು ವರ್ಷ ಹಿಡಿಯಿತು, ಒಬ್ಬನೇ ಗೋಡೆ ಎಬ್ಬಿಸಲು ಇನ್ನೆರಡು ವರ್ಷ, ಪ್ಲಾನ್ ಓದುವುದಕ್ಕೆ ಅದಕ್ಕಿಂತ ಜಾಸ್ತಿ. ಈಗ ಇಂಜಿನಿಯರ್ ತಂದ ಹಾಳೆಯನ್ನು ತಲೆಕೆಳಗಾಗಿ ಹಿಡಿದರೂ ಎಲ್ಲಿ ಕಂಬ, ಎಲ್ಲಿ ಬೀಮು ಎಂದು ಬೆರಳಿಟ್ಟು ತೋರಿಸುತ್ತೇನೆ. ಮಾರನಹಳ್ಳಿಯಿಂದ ಬಿಸಿಲೆಯವರೆಗೆ ನಾನು ಕಟ್ಟಿದ ಮನೆಗಳಿವೆ. ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತು ಅವನ್ನು ನೋಡಿಕೊಂಡು ಹೋಗುತ್ತೇನೆ. ಒಂದರದ್ದೂ ತಾರಸಿ ಮೋಲ್ಡ್ ಸೋರಿಲ್ಲ. ಈ ಮಾತು ಬರೆಯುವಾಗಲೂ ನನ್ನ ಎದೆ ಸ್ವಲ್ಪ ಮುಂದಕ್ಕೆ ಬರುತ್ತದೆ.

ನನ್ನ ಹೆಂಡತಿ ಹುಟ್ಟಿ ಬೆಳೆದದ್ದು ಎಸ್ಟೇಟಿನ ಕೂಲಿ ಲೈನಿನಲ್ಲಿ. ಒಂದೇ ಮಾಡಿನ ಕೆಳಗೆ ಸಾಲಾಗಿ ಕೋಣೆಗಳು, ಒಂದು ಮನೆಯ ಒಗ್ಗರಣೆ ಮೂರು ಮನೆಗೆ ಘಾಟು. ಮದುವೆಯಾದ ಮೇಲೆ ನಾನೂ ಅಲ್ಲಿಗೇ ಬಂದು ಸೇರಿಕೊಂಡೆ. ಅವಳು ಆ ತೋಟದಲ್ಲಿ ಕಾಫಿ ಕುಯ್ದಳು, ಕಣದಲ್ಲಿ ಹರಡಿದಳು, ಒಣಗಿದ್ದನ್ನು ಮೂಟೆಗೆ ತುಂಬಿದಳು. ಕಾಫಿ ಹಣ್ಣು ಒಣಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಒಂದು ಹಿಡಿ ಎತ್ತಿ ಕಿವಿ ಹತ್ತಿರ ಆಡಿಸುತ್ತಾರೆ. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನುತ್ತದೆ. ಅವಳಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಆದರೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು, ಒಂದು ಹಿಡಿ ಎತ್ತಿ ಆಡಿಸಿ, ಹೂಂ ಅಂದರೆ ಮಾತ್ರ ಮೂಟೆ ಕಟ್ಟಬೇಕು. ಇಪ್ಪತ್ತೈದು ವರ್ಷ ಅವಳು ಆ ಹೂಂ ಕಾದಿದ್ದಾಳೆ.

ನಾವು ಒಂದು ಎಕರೆ ಜಾಗ ಮಾಡಿಕೊಂಡು ರೊಬಸ್ಟಾ ಕಾಫಿ ಗಿಡ ಹಾಕಿದಾಗ, ಪಕ್ಕದಲ್ಲೇ ಮನೆ ಕಟ್ಟುವುದೆಂದು ತೀರ್ಮಾನವಾಯಿತು. ಅಡುಗೆಮನೆಗೆ ಯಾವ ಕಲ್ಲು, ನೆಲಕ್ಕೆ ಯಾವ ಟೈಲ್ಸ್, ಏನು ಕೇಳಿದರೂ ಅವಳು, ನಿಮಗೆ ತಿಳಿದಂಗೆ ಮಾಡಿ ಅನ್ನುತ್ತಿದ್ದಳು. ಕೇಳಿದ್ದು ಒಂದೇ.

"ಮೊದಲ ಫಸಲು ನಮ್ ಮನೆ ಕಣದಾಗೇ ಒಣಗ್ಬೇಕು. ಅದೊಂದು ಮಾಡ್ಕೊಡಿ, ಮಿಕ್ಕಿದ್ದು ನಿಮ್ಮಿಷ್ಟ."

ಅದೇನು ದೊಡ್ಡ ವಿಷಯ ಎಂದುಬಿಟ್ಟೆ.

ನಮ್ಮ ಜಾಗ ಇಳಿಜಾರು. ಇಲ್ಲಿ ಯಾರಿಗೆ ಇಳಿಜಾರಲ್ಲ. ಜೆಸಿಬಿ ತರಿಸಿ ಗುಡ್ಡ ಕಡಿದರೆ ಸಿಗುವ ಸಮ ನೆಲ ಒಂದು ಮನೆಗೆ, ಒಂದು ಅಂಗಳಕ್ಕೆ ಆಗುವಷ್ಟು. ಈ ಕಡೆ ಮನೆ ಕಟ್ಟುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಕಡಿದ ಮಣ್ಣನ್ನು ಕೆಳಗಡೆ ತಳ್ಳಿ ಅಗಲ ಮಾಡಿಕೊಂಡ ನೆಲ ಇರುತ್ತದಲ್ಲ, ಅದರ ಮೇಲೆ ಗೋಡೆ ಕೂರಿಸಬೇಡಿ. ಅದು ನೋಡಲು ನೆಲ, ಎರಡು ಮಳೆಗಾಲ ಕಳೆದರೆ ಕೂತುಕೊಳ್ಳುತ್ತದೆ, ಗೋಡೆ ಬಾಯಿ ಬಿಡುತ್ತದೆ. ಕಡಿದ ಗಟ್ಟಿ ನೆಲದ ಮೇಲೆ ಮನೆ ಇರಲಿ, ತುಂಬಿದ ಮಣ್ಣಿನ ಮೇಲೆ ಹೂವಿನ ಗಿಡ ಇರಲಿ. ಗುಡ್ಡದ ಕಡೆಯ ಗೋಡೆಗೂ ಗುಡ್ಡಕ್ಕೂ ನಡುವೆ ಒಬ್ಬ ಮನುಷ್ಯ ಗುದ್ದಲಿ ಹಿಡಿದು ತಿರುಗುವಷ್ಟು ಜಾಗ ಬಿಟ್ಟು ಚರಂಡಿ ಮಾಡಿ. ಇದನ್ನೆಲ್ಲ ನಾನು ನನ್ನ ಮನೆಗೂ ಸರಿಯಾಗಿಯೇ ಮಾಡಿದೆ.

ತಪ್ಪು ಶುರುವಾದದ್ದು ಅಂಗಳದಲ್ಲಿ. ನನಗೆ ಮುಂದಗಡೆ ಪೋರ್ಟಿಕೊ ಬೇಕಿತ್ತು. ದುಂಡು ಕಂಬ, ಕಂಬದ ತಲೆ ಮೇಲೆ ಸಿಮೆಂಟಿನ ಕಮಲ, ಕೆಳಗೆ ಕಾರು ನಿಲ್ಲುವಷ್ಟು ಜಾಗ. ಕಾರು ನನ್ನ ಹತ್ತಿರ ಇರಲಿಲ್ಲ, ಈಗಲೂ ಇಲ್ಲ, ಇರುವುದು ಬೈಕು. ಆದರೆ ಮೇಸ್ತ್ರಿಯ ಮನೆ ನೋಡಿಯೇ ಜನ ಕೆಲಸ ಕೊಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಇದ್ದ ಅಂಗಳವೆಲ್ಲ ಪೋರ್ಟಿಕೊಗೆ ಹೋಯಿತು. ಕಣ ಎಲ್ಲಿ ಎಂದು ಅವಳು ಕೇಳಿದಾಗ, ಮೇಲೆ ಎಂದೆ. ತಾರಸಿಯೇ ಕಣ. ಈಗ ಎಷ್ಟೋ ಜನ ತಾರಸಿ ಮೇಲೆ ಒಣಗಿಸುವುದಿಲ್ಲವೇ. ಮರದ ನೆರಳಿಲ್ಲ, ಕೋಳಿ ಕಾಟ ಇಲ್ಲ, ದನ ಬರುವುದಿಲ್ಲ. ಅವಳು ಆಗಲಿ ಎಂದಳು. ಇದು ತಪ್ಪಲ್ಲ, ಇದು ಒಳ್ಳೆಯ ಯೋಚನೆಯೇ. ತಪ್ಪು ಅಲ್ಲಿಗೆ ಹತ್ತುವ ದಾರಿಯಲ್ಲಿ ಕೂತಿತ್ತು.

ನಮ್ಮಲ್ಲಿ ಮನೆ ಕಟ್ಟುವಾಗ ಆಯ ನೋಡುತ್ತಾರೆ. ಮನೆಯ, ಕೋಣೆಯ ಉದ್ದ ಅಗಲ ಗುಣಿಸಿ ಭಾಗಿಸಿ, ಉಳಿದದ್ದು ಧ್ವಜಾಯವೋ ಸಿಂಹಾಯವೋ ಎಂದು ಹೇಳುವ ಲೆಕ್ಕ. ಆಯ ನೋಡುವ ಹಿರಿಯರು ಬಂದು ನಮ್ಮ ಲೈನ್ ಮನೆಯ ಜಗಲಿ ಕಲ್ಲಿನ ಮೇಲೆ ಕೂತು ನಮ್ಮ ಹಾಲಿನ ಅಳತೆ ಹಾಕಿದರು. ಒಂದು ಲೆಕ್ಕಕ್ಕೆ ಗಜಾಯ ಬರುತ್ತದೆ, ಅದೂ ಶುಭವೇ ಎಂದರು. ಆನೆ ಆಯ ಬೇಡ, ಅದು ಕರೀದೇನೇ ಬರ್ತದೆ ಎಂದಳು ನನ್ನ ಹೆಂಡತಿ. ಹಿಂದಿನ ವಾರವಷ್ಟೇ ಆನೆ ನಮ್ಮ ಬಾಳೆಯನ್ನೆಲ್ಲ ತಿಂದು ನೀರಿನ ಡ್ರಮ್ಮನ್ನು ಹಳ್ಳಕ್ಕೆ ಉರುಳಿಸಿ ಹೋಗಿತ್ತು. ಹಿರಿಯರು ನಕ್ಕು, ಹಾಗಾದರೆ ಧ್ವಜಾಯ ಬರಲು ಹಾಲಿನ ಅಗಲ ಒಂದು ಗೇಣು ಹೆಚ್ಚಾಗಬೇಕು ಎಂದರು.

ಒಂದು ಗೇಣು ಎಲ್ಲಿಂದ ತರುವುದು. ಒಂದು ಕಡೆ ಪೋರ್ಟಿಕೊ, ಅದನ್ನು ಮುಟ್ಟುವಂತಿಲ್ಲ. ಇನ್ನೊಂದು ಕಡೆ ದೇವರ ಕೋಣೆ, ಅದಕ್ಕೂ ಆಯ ನೋಡಿ ಆಗಿದೆ. ಮತ್ತೊಂದು ಕಡೆ ಮೆಟ್ಟಿಲು. ಮೆಟ್ಟಿಲಿಗೆ ಯಾರೂ ಆಯ ನೋಡುವುದಿಲ್ಲ. ಮೂರೂಕಾಲು ಅಡಿ ಅಗಲ ಇದ್ದ ಮೆಟ್ಟಿಲು ಎರಡೂವರೆ ಅಡಿಗೆ ಇಳಿಯಿತು. ಮೇಲೆ ಹತ್ತುವ ಕಡೆ ಒಂದು ತಿರುವು, ಎರಡೂ ಪಕ್ಕ ಗೋಡೆ, ಆಚೆ ಗೋಡೆಯೊಳಗೆ ಕಾಂಕ್ರೀಟ್ ಕಂಬ. ನನ್ನ ಜೊತೆ ಇಪ್ಪತ್ತು ವರ್ಷದಿಂದ ಕಂಬಿ ಕಟ್ಟುವ ಗೆಳೆಯ ಒಬ್ಬನಿದ್ದಾನೆ. ಕಂಬಿ ಕಟ್ಟುವಾಗ ಅವನು ತಲೆ ಎತ್ತಿ ನೋಡಿ, "ಲೋ, ಇದು ಮನುಷ್ಯರು ಹತ್ತೋದೋ, ಬೆಕ್ಕು ಹತ್ತೋದೋ" ಎಂದ. ನಾವಿಬ್ಬರೇ ತಾನೆ ಹತ್ತೋದು, ಒಬ್ಬರ ಹಿಂದೆ ಒಬ್ಬರು ಹತ್ತಿದರಾಯಿತು ಎಂದೆ.

ಉಳಿದ ಕೆಲಸ ನಾನು ಮಾಡಿದ್ದನ್ನು ನೋಡಬೇಕಿತ್ತು. ಮನೆ ಕಟ್ಟುವಾಗ ಕೈಯಲ್ಲಿದ್ದ ದುಡ್ಡನ್ನು ಎಲ್ಲಿ ಹಾಕಬೇಕು ಎಂದು ಕೇಳುವವರಿಗೆ ನಾನು ಒಂದೇ ಮಾತು ಹೇಳುವುದು, ಗೋಡೆಯೊಳಗೆ ಹೋಗುವ ಸಾಮಾನಿಗೆ ಮೊದಲು ಹಾಕಿ. ಪೈಪು, ವೈರು, ಕಂಬಿ. ಇವು ಒಮ್ಮೆ ಒಳಗೆ ಹೋದರೆ ಮತ್ತೆ ಮುಖ ತೋರಿಸುವುದಿಲ್ಲ, ಆದರೆ ಕೆಟ್ಟರೆ ಮನೆಯನ್ನೇ ಒಡೆಸುತ್ತವೆ. ಟೈಲ್ಸು, ಬಣ್ಣ, ಸೀಲಿಂಗಿನ ಪಿಒಪಿ ಹೂವು, ಇವು ಐದು ವರ್ಷ ಬಿಟ್ಟೂ ಬರುತ್ತವೆ. ಮುಂದೆ ಮೇಲೊಂದು ಕೋಣೆ ಎತ್ತುವ ಆಸೆ ಇದ್ದರೆ ಕಂಬದ ಕಂಬಿಯನ್ನು ಈಗಲೇ ಮೇಲೆ ಬಿಟ್ಟಿರಿ. ಕಿಟಕಿಯ ಮೇಲಿನ ಸಜ್ಜಾ ಪೇಟೆಯವರ ಪ್ಲಾನಿನಲ್ಲಿ ಒಂದೂವರೆ ಅಡಿ ಇರುತ್ತದೆ, ನಮ್ಮ ಕಡೆ ಅಡ್ಡ ಹೊಡೆಯುವ ಮಳೆಗೆ ಅದು ಟೊಪ್ಪಿಗೆಯೂ ಅಲ್ಲ, ಎರಡೂವರೆ ಮಾಡಿ. ಬಚ್ಚಲಿಗೆ ಹೊಳೆಯುವ ಟೈಲ್ಸ್ ಬೇಡ, ಒರಟು ಇರಲಿ. ಪ್ಲಗ್ ಪಾಯಿಂಟ್ ಎಷ್ಟು ಬೇಕು ಎಂದು ಅಡುಗೆ ಮಾಡುವವರನ್ನು ಕೇಳಿ, ಅವರು ಹೇಳಿದ್ದಕ್ಕೆ ಇನ್ನೆರಡು ಸೇರಿಸಿ. ಇವೆಲ್ಲ ನನ್ನ ಮನೆಯಲ್ಲಿವೆ. ತಾರಸಿಯ ಇಳಿಜಾರನ್ನು ನೀರು ಹಾಕಿ ಹಾಕಿ ನಾನೇ ಮಂಡಿಯೂರಿ ಎಳೆದೆ. ಒಂದು ಚೊಂಬು ನೀರು ಸುರಿದರೆ ದಾರಿ ಕೇಳದೆ ಪೈಪಿಗೆ ಹೋಗುತ್ತದೆ.

ಗೃಹಪ್ರವೇಶಕ್ಕೆ ಎಸ್ಟೇಟಿನ ಅಮ್ಮಾವ್ರು ಬಂದರು. ಅವರದು ಕ್ರಿಶ್ಚಿಯನ್ ಮನೆತನ, ಗಂಡನ ಅಜ್ಜನ ಕಾಲಕ್ಕೆ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ನನ್ನ ಹೆಂಡತಿ ಇಪ್ಪತ್ತೈದು ವರ್ಷ ಕೆಲಸ ಮಾಡಿದ ತೋಟ ಅವರದೇ. ಪ್ರತಿ ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿಯ ಡಬ್ಬಿ ಲೈನಿನ ಮನೆಮನೆಗೆ ತಾವೇ ತಂದು ಕೊಡುತ್ತಿದ್ದರು. ಮಾತು ಕಡಿಮೆ, ನೋಟ ಜಾಸ್ತಿ. ಪೋರ್ಟಿಕೊ ನೋಡಿದರು, ಕಮಲ ನೋಡಿದರು, ಅಡುಗೆಮನೆಯಲ್ಲಿ ಡ್ರಾಯರ್ ಎಳೆದು ನೋಡಿದರು, ಚೆನ್ನಾಗಿದೆ ಎಂದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, ಕಣ ಎಲ್ಲಿ ಎಂದು ಕೇಳಿದರು. ಅವಳು ಮೇಲಕ್ಕೆ ಕೈ ತೋರಿಸಿದಳು. ಅಮ್ಮಾವ್ರು ಮೆಟ್ಟಿಲ ಬಾಯಲ್ಲಿ ನಿಂತು ಒಮ್ಮೆ ಒಳಗೆ ನೋಡಿದರು. "ಹೌದಾ ಮೇಸ್ತ್ರಿ" ಎಂದರು, ಅಷ್ಟೇ. ಆ ಹೌದಾ ನನಗೆ ಹೊಗಳಿಕೆ ಹಾಗೆ ಕೇಳಿಸಿತು ಎಂದರೆ ನಾನು ಆವತ್ತು ಎಷ್ಟು ಉಬ್ಬಿದ್ದೆ ಎಂದು ನೀವೇ ಲೆಕ್ಕ ಹಾಕಿ.

ಜನವರಿಯಲ್ಲಿ ನಮ್ಮ ಗಿಡ ಹಣ್ಣಾಯಿತು. ಮೊದಲ ಕುಯ್ಲಿಗೆ ಲೈನಿನ ಹಳೇ ಗೆಳತಿಯರು ಆರು ಜನ ಬಂದರು. ಅವತ್ತು ನನ್ನ ಹೆಂಡತಿ ಬೆಳಗಿನಿಂದ ಹಾಡು ಹೇಳಿಕೊಂಡೇ ಕುಯ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ ಹಣ್ಣು ತುಂಬಿದ ಹನ್ನೊಂದು ಮೂಟೆ ಪೋರ್ಟಿಕೊದಲ್ಲಿ ಸಾಲಾಗಿ ನಿಂತವು. ಹಸಿ ಹಣ್ಣಿನ ಮೂಟೆ ಎಂದರೆ ಸುಮ್ಮನೆ ಅಲ್ಲ, ನೀರು ತುಂಬಿದ ಕಲ್ಲು. ಅದನ್ನು ಮೂಟೆಯಲ್ಲೇ ಬಿಡುವ ಹಾಗೂ ಇಲ್ಲ. ಕುಯ್ದ ದಿನವೇ ಹರಡದಿದ್ದರೆ ಒಳಗೊಳಗೇ ಬಿಸಿಯಾಗಿ ಹುಳಿ ಬರುತ್ತದೆ, ಆ ವಾಸನೆ ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಹೆಂಗಸರೆಲ್ಲ ಮೇಲೆ ಹೋಗಿ ಗುಡಿಸಿ ಕಾದು ನಿಂತರು. ನನ್ನ ಹೆಂಡತಿ ಮೆಟ್ಟಿಲ ಕೆಳಗೆ ನಿಂತಳು. ಮನೆಯ ಯಜಮಾನ ನಾನು, ಮೊದಲ ಮೂಟೆ ನಾನೇ ಹೊರಬೇಕು ಎಂದು ಟವೆಲ್ ಸುತ್ತಿ ತಲೆ ಮೇಲೆ ಎತ್ತಿಸಿಕೊಂಡೆ. ಒಂಬತ್ತು ಮೆಟ್ಟಿಲು ರಾಜನ ಹಾಗೆ ಹತ್ತಿದೆ. ಹತ್ತನೆಯದು ತಿರುವು.

ಮೂಟೆಯ ಮುಂದಿನ ತುದಿ ಆಚೆ ಗೋಡೆಗೆ ತಾಗಿತು. ತಿರುಗೋಣ ಎಂದರೆ ಹಿಂದಿನ ತುದಿ ಈಚೆ ಗೋಡೆಗೆ ತಾಗಿತು. ಮುಂದೆ ಹೋಗಲಾಗದು, ತಿರುಗಲಾಗದು, ತಲೆ ಮೇಲೆ ಭಾರ, ಕಾಲಡಿಗೆ ನಾನೇ ಹಾಕಿದ ಗ್ರಾನೈಟ್. ಸ್ವಲ್ಪ ಒತ್ತಿ ನೋಡಿದೆ. ಗೋಡೆ ಮಣಿಯಲಿಲ್ಲ, ನಾನು ಕಟ್ಟಿದ ಗೋಡೆ ಅದು, ಯಾಕೆ ಮಣಿಯುತ್ತದೆ. ಗೋಣಿಯ ಹೊಲಿಗೆ ಮಣಿಯಿತು. ಬಾಯಿ ಬಿಚ್ಚಿಕೊಂಡು ಹಣ್ಣು ನನ್ನ ಹೆಗಲ ಮೇಲೆ, ಹೊಸ ಗೋಡೆಯ ಮೇಲೆ, ಒಂದೊಂದೇ ಮೆಟ್ಟಿಲು ಇಳಿದು ಟಪಟಪ ಎಂದು ಅವಳ ಕಾಲ ಬುಡಕ್ಕೆ ಹೋಯಿತು.

ಮೇಲಿನಿಂದ ಯಾರೋ ಕಿಸಕ್ಕೆಂದರು. ಕಂಬಿ ಗೆಳೆಯ ಆವತ್ತು ಮೂಟೆ ಎತ್ತಿಸಲು ಬಂದಿದ್ದ. ಅವನು ಕೆಳಗಿನಿಂದ, "ಮಾರಾಯ, ಧ್ವಜ ಏನೋ ಏರ್ತು, ಇಳಿಯೋದು ಹೆಂಗೆ" ಎಂದ. ಎಲ್ಲರೂ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಅವಳು ಬಗ್ಗಿ ಹಣ್ಣು ಆರಿಸತೊಡಗಿದ್ದಳು. ಒಂದೇ ಒಂದು ಕೇಳಿದ್ದಳು.

ನಾನು ಹಿಂದೆ ಹಿಂದೆ ಹೆಜ್ಜೆ ಇಟ್ಟುಕೊಂಡು ಇಳಿದೆ. ಆಮೇಲೆ ಶುರುವಾಯಿತು ಬುದ್ಧಿವಾದ. ಮೂಟೆ ಬಿಚ್ಚಿ ಬುಟ್ಟಿಯಲ್ಲಿ ಹೊರೋಣ ಎಂದರು ಹೆಂಗಸರು. ಹೊತ್ತರು ಕೂಡ. ಆದರೆ ಮೆಟ್ಟಿಲಲ್ಲಿ ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುವ ಹಾಗಿಲ್ಲ. ಒಬ್ಬಳು ಮೇಲೆ ಹೋಗಿ ಬರುವವರೆಗೆ ಐದು ಜನ ಬುಟ್ಟಿ ಹಿಡಿದು ರೇಷನ್ ಅಂಗಡಿ ಸಾಲಿನ ಹಾಗೆ ಕೆಳಗೆ ನಿಂತರು. ಒಂದು ಗಂಟೆಯಲ್ಲಿ ಒಂದೂವರೆ ಮೂಟೆ ಹತ್ತಿತು. ಬಿಸಿಲು ಆಗಲೇ ತೋಟದ ಸಿಲ್ವರ್ ಓಕ್ ಮರದ ಮೇಲೆ ಹೋಗಿತ್ತು. ಇದನ್ನ ಹಣ್ಣಲ್ಲೇ ಪೇಟೆಗೆ ಹಾಕ್ಬುಡು ಎಂದ ಗೆಳೆಯ, ಪಿಕಪ್ ಕರೆಸಲು ಫೋನನ್ನೂ ತೆಗೆದ. ಅಷ್ಟರಲ್ಲಿ ಅಮ್ಮಾವ್ರು ಹೇಳಿಕಳಿಸಿದರು. ಕುಯ್ಲಿಗೆ ಬಂದವರಲ್ಲಿ ಯಾರೋ ಲೈನಿಗೆ ಫೋನ್ ಮಾಡಿ ಹೇಳಿದ್ದರಂತೆ. ಎಸ್ಟೇಟಿನ ಕಣದಲ್ಲಿ ಒಂದು ಮೂಲೆ ಖಾಲಿ ಇದೆ, ತಂದು ಹರಡಿಕೊಳ್ಳಲಿ ಎಂದಿದ್ದರು ಅಮ್ಮಾವ್ರು.

ನಿಜ ಹೇಳುತ್ತೇನೆ, ನನಗೆ ಜೀವ ಬಂದ ಹಾಗಾಯಿತು. ಹಣ್ಣು ಉಳಿಯುತ್ತದೆ, ಮೆಟ್ಟಿಲ ವಿಷಯ ಆಮೇಲೆ ನೋಡಿಕೊಂಡರಾಯಿತು. ಹೆಂಡತಿಗೆ ಹಾಗೇ ಹೇಳಿದೆ. ಅವಳು ಬುಟ್ಟಿ ಕೆಳಗಿಟ್ಟಳು. ಅಮ್ಮಾವ್ರ ಮನಸ್ಸು ದೊಡ್ಡದು, ಆದರೆ ನಾನು ಬೇಡ ಅಂದೆ ಎಂದು ತಿಳಿಸಿ ಎಂದಳು. ಆಮೇಲೆ ನನ್ನನ್ನೇ ನೋಡಿಕೊಂಡು ಕೇಳಿದಳು.

"ನೀವು ಮಂದಿ ಮನೇಗೆ ಮರಳು ಹೆಂಗೆ ಹತ್ತಿಸ್ತೀರಿ?"

ನಾನು ಮನೆಯ ಹಿಂದಕ್ಕೆ ಓಡಿದೆ.

ಮಂದಿ ಮನೆಗೆ ನಾನು ಮರಳನ್ನು, ಬ್ಲಾಕನ್ನು, ಸಿಮೆಂಟನ್ನು ಮೂರನೇ ಅಂತಸ್ತಿನವರೆಗೆ ರಾಟೆಯಲ್ಲಿ ಎಳೆಸುತ್ತೇನೆ. ಮೂವತ್ತು ವರ್ಷದಿಂದ ಎಳೆಸುತ್ತಿದ್ದೇನೆ. ರಾಟೆ ಎಲ್ಲಿದೆ ಎಂದರೆ ನನ್ನದೇ ಮನೆ ಹಿಂದೆ, ಸೆಂಟ್ರಿಂಗ್ ಹಲಗೆಗಳ ಕೆಳಗೆ, ಹಗ್ಗದ ಸಮೇತ. ಕೆಲಸದ ಮನೆಯಲ್ಲಿ ಕಣ್ಣಿಗೆ ಕಾಣುವುದು ಸ್ವಂತ ಮನೆಯಲ್ಲಿ ಯಾಕೆ ಕಾಣುವುದಿಲ್ಲ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮನೆ ಎಂದರೆ ಅದು ಕಟ್ಟಿ ಮುಗಿದದ್ದು, ಅದಕ್ಕೆ ಬೊಂಬು ಹಗ್ಗ ಕಟ್ಟಿದರೆ ಅಂದ ಕೆಡುತ್ತದೆ ಎಂದು ಒಳಗೆಲ್ಲೋ ಇತ್ತೇನೋ.

ಗೆಳೆಯನೂ ನಾನೂ ಎರಡು ದಪ್ಪ ಬೊಂಬು ಮೇಲೆ ತೆಗೆದುಕೊಂಡು ಹೋಗಲು ನೋಡಿದೆವು. ಅವನ್ನೂ ತಿರುವಿನಲ್ಲಿ ತಿರುಗಿಸಲಾಗದೆ ಹೊರಗಿನಿಂದ ಹಗ್ಗದಲ್ಲಿ ಎಳೆದುಕೊಂಡೆವು, ಅದನ್ನು ಅವನು ಇನ್ನೂ ಊರಲ್ಲಿ ಹೇಳಿಕೊಂಡು ತಿರುಗುತ್ತಾನೆ. ಮುಂದೆ ಕೋಣೆ ಎತ್ತಲು ಅಂತ ಬಿಟ್ಟಿದ್ದ ಕಂಬದ ಕಂಬಿಗೆ ಬೊಂಬು ಬಿಗಿದು, ಪ್ಯಾರಾಪೆಟ್‌ನಿಂದ ಆಚೆಗೆ ಚಾಚಿ, ರಾಟೆ ಕಟ್ಟಿದೆವು. ಸರಿಯಾಗಿ ಪೋರ್ಟಿಕೊದ ಮುಂದೆ, ಎರಡು ಕಮಲಗಳ ನಡುವೆ. ಕೆಳಗೆ ಮೂರು ಜನ ಹಗ್ಗ ಹಿಡಿದರು, ಮೇಲೆ ನಾನು ಮೂಟೆಯ ಕಿವಿ ಹಿಡಿದು ಒಳಗೆ ಎಳೆದುಕೊಂಡೆ. ಮೊದಲ ಮೂಟೆ ಗಾಳಿಯಲ್ಲಿ ಒಂದು ಸುತ್ತು ತಿರುಗಿ ಮೇಲೆ ಬಂದಾಗ ಲೈನಿನ ಹೆಂಗಸರು ಸೋಬಾನೆ ಹಾಡಿದರು, ಮದುಮಗಳು ಬಂದ ಹಾಗೆ. ಆಗ ನನ್ನ ಹೆಂಡತಿಯೂ ನಕ್ಕಳು. ಉಳಿದ ಅಷ್ಟೂ ಮೂಟೆ ಹತ್ತಿ, ಬಿಚ್ಚಿ, ಹರಡಿ ಮುಗಿದಾಗ ಬೆಟ್ಟದ ಮೇಲೆ ಇನ್ನೂ ಸ್ವಲ್ಪ ಬೆಳಕಿತ್ತು. ಕೆಂಪು ಹಣ್ಣು ತಾರಸಿ ತುಂಬ ಹಾಸಿತ್ತು. ಅವಳು ಪ್ಯಾರಾಪೆಟ್ಟಿಗೆ ಒರಗಿ ನಿಂತು ಸುಮ್ಮನೆ ನೋಡುತ್ತಿದ್ದಳು.

ಮರುದಿನದಿಂದ ತಾರಸಿಯೇ ಅವಳ ಮನೆಯಾಯಿತು. ಬೆಳಿಗ್ಗೆ ಟಾರ್ಪಾಲು ತೆಗೆಯುವುದು, ಹಲಗೆ ಹೊಡೆದ ಉದ್ದ ಕೋಲಿನಲ್ಲಿ ಹಣ್ಣನ್ನು ಸಾಲು ಸಾಲು ಎಳೆಯುವುದು, ಬಿಸಿಲು ಜರುಗಿದ ಹಾಗೆ ಮಗುಚುವುದು, ಸಂಜೆ ಗುಡ್ಡೆ ಮಾಡಿ ಮುಚ್ಚುವುದು. ಅಲ್ಲಿಂದ ರಸ್ತೆ ಕಾಣುತ್ತದೆ, ಬರುವ ಬಸ್ಸು ಕಾಣುತ್ತದೆ, ಆಚೆ ಗುಡ್ಡದಲ್ಲಿ ಎಸ್ಟೇಟಿನ ಕಣವೂ ಕಾಣುತ್ತದೆ. ಅಲ್ಲಿ ಹರಡುತ್ತಿದ್ದವರಿಗೆ ಇವಳು ಇಲ್ಲಿಂದ ಕೂಗು ಹಾಕುತ್ತಿದ್ದಳು, ಅವರು ಅಲ್ಲಿಂದ ಕೂಗುತ್ತಿದ್ದರು. ನೆರಳಿಲ್ಲದ ಜಾಗ, ಗಾಳಿ ಬೇರೆ, ನಮ್ಮ ಹಣ್ಣು ಎಸ್ಟೇಟಿಗಿಂತ ಎರಡು ದಿನ ಮೊದಲೇ ಕಪ್ಪಾಯಿತು. ಮೆಟ್ಟಿಲು ಒಡೆದು ಹೊರಗಡೆಯಿಂದ ಬೇರೆ ಕಟ್ಟಿಕೊಡಲೇ ಎಂದು ನಾನು ಒಂದು ದಿನ ಕೇಳಿದೆ. ಹಾಗೆ ಕಟ್ಟಲು ಪೋರ್ಟಿಕೊದ ಒಂದು ಕಂಬ, ಕಮಲದ ಸಮೇತ, ಹೋಗಬೇಕಿತ್ತು. ಅದನ್ನೂ ಹೇಳಿದೆ, ಒಡೆಯಲು ತಯಾರಿದ್ದೆ. ನೀವು ಬಹಳ ಆಸೆಪಟ್ಟು ಮಾಡಿದ್ದು, ಇರಲಿ ಬಿಡಿ, ರಾಟೆ ಐತಲ್ಲ ಎಂದಳು. ಅದಾದ ಮೇಲೆ ಬೊಂಬು ತೆಗೆದು ಕಬ್ಬಿಣದ ತೋಳು ವೆಲ್ಡ್ ಮಾಡಿಸಿ ಕಾಂಕ್ರೀಟಿನಲ್ಲಿ ಹೂಳಿದ್ದೇನೆ. ನನ್ನ ಮನೆಗೆ ನಾನು ಮಾಡಿಸಿದ ಒಳ್ಳೆಯ ಸುಧಾರಣೆ ಯಾವುದು ಎಂದರೆ ಪಿಒಪಿ ಹೂವಲ್ಲ, ಅದೇ.

ಹದಿನೆಂಟನೆಯ ದಿನವೋ ಹತ್ತೊಂಬತ್ತನೆಯದೋ ಅಮ್ಮಾವ್ರು ಬಂದರು. ಮಂಡಿ ನೋವಿನವರು, ಆ ಮೆಟ್ಟಿಲನ್ನು ಎರಡೂ ಕೈ ಗೋಡೆಗೆ ಕೊಟ್ಟು ಹತ್ತಿದರು. ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ ಗೋಡೆಯ ಮೇಲಿನ ಕೆಂಪು ಕಲೆ ನೋಡಿದರು. ಅವತ್ತು ಹಣ್ಣಿನ ರಸ ಹೀರಿಕೊಂಡದ್ದು, ಎರಡು ಸಲ ಬಣ್ಣ ಹೊಡೆದರೂ ಮೇಲೆದ್ದು ಬರುತ್ತದೆ. ಇದೇನು ಮೇಸ್ತ್ರಿ, ಡಿಸೈನಾ ಎಂದರು. ಹೌದು ಅಮ್ಮಾವ್ರೇ, ಕಲಿತ ಡಿಸೈನು ಎಂದೆ. ಆಗ ಅವರು ಒಂದು ವಿಷಯ ಹೇಳಿದರು. ಅವರ ದೊಡ್ಡ ಮನೆಯಲ್ಲೂ ಊಟದ ಮೇಜು ಒಳಗೆ ಬರಲಿಲ್ಲವಂತೆ. ಕಾಲು ಕೊಯ್ಯಿಸಿ ತಂದು ಒಳಗೆ ಮತ್ತೆ ಅಂಟಿಸಿದ್ದಂತೆ, ಮದುವೆಯಾಗಿ ಬಂದ ವರ್ಷದಿಂದ ಅದು ಅಲುಗಾಡುತ್ತಲೇ ಇದೆಯಂತೆ. ನನಗೆ ಅದನ್ನು ಕೇಳಿ ಎಷ್ಟು ಸಮಾಧಾನ ಆಯಿತೋ ಹೇಳಲಾರೆ.

ಮೇಲೆ ಬಂದು ಅಮ್ಮಾವ್ರು ರೂಢಿಯಂತೆ ಹಣ್ಣಿನ ಕಡೆ ಕೈ ಚಾಚಿದರು. ಅರ್ಧಕ್ಕೆ ನಿಲ್ಲಿಸಿ, ಕೈ ಹಿಂದಕ್ಕೆ ತೆಗೆದುಕೊಂಡು, "ನೀನೇ ನೋಡಿ ಹೇಳು" ಎಂದರು ನನ್ನ ಹೆಂಡತಿಗೆ.

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ನಡುವಿನಿಂದ ಒಂದು ಹಿಡಿ ಎತ್ತಿದಳು, ತನ್ನ ಕಿವಿ ಹತ್ತಿರ ಆಡಿಸಿದಳು. ಮತ್ತೆ ಮೂಲೆಯಿಂದ ಒಂದು ಹಿಡಿ. ಅವಸರವೇ ಇಲ್ಲ. ಆಮೇಲೆ ನನ್ನ ಹತ್ತಿರ ಬಂದು ಮುಷ್ಟಿಯನ್ನು ನನ್ನ ಕಿವಿಗೆ ಹಿಡಿದು ಆಡಿಸಿದಳು. ಒಳಗೆ ಬೀಜ ಗಲಗಲ ಎಂದಿತು. ಇಷ್ಟು ವರ್ಷ ಕಾಫಿ ಸೀಮೆಯಲ್ಲಿದ್ದೂ ನಾನು ಆ ಸದ್ದು ಅಷ್ಟು ಹತ್ತಿರದಿಂದ ಕೇಳಿರಲಿಲ್ಲ. ಅವಳು ನನ್ನನ್ನು ನೋಡಿದಳು, ಅಮ್ಮಾವ್ರನ್ನು ನೋಡಿದಳು.

"ಹೂಂ" ಎಂದಳು.

ಮಧ್ಯಾಹ್ನ ಮೂಟೆ ಕಟ್ಟಿ ರಾಟೆಯಲ್ಲಿ ಇಳಿಸಿದೆವು. ಇಳಿಯುವಾಗ ಅವು ಹಗುರ, ಒಬ್ಬನೇ ಹಗ್ಗ ಬಿಡಬಹುದು. ಒಳಗೆ ಸ್ಟೋರ್ ಮಾಡಲು ನಾನು ಪ್ಲಾನಿನಲ್ಲಿ ಜಾಗವನ್ನೇ ಇಟ್ಟಿರಲಿಲ್ಲ, ಅದೂ ಆವತ್ತೇ ಗೊತ್ತಾದದ್ದು. ಹಾಗಾಗಿ ಮೂಟೆಗಳನ್ನು ಇಳಿದಲ್ಲೇ, ಪೋರ್ಟಿಕೊದ ಕೆಳಗೆ ಹಲಗೆ ಹಾಕಿ ಜೋಡಿಸಿದೆವು. ನನ್ನ ಬೈಕನ್ನು ಹೊರಗೆ ಬಿಸಿಲಿಗೆ ತಳ್ಳಬೇಕಾಯಿತು. ಕಂಬಿ ಗೆಳೆಯ ಕೊನೆಯ ಮೂಟೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ದುಂಡು ಕಂಬಗಳ ನಡುವೆ ಅಚ್ಚುಕಟ್ಟಾಗಿ ತುಂಬಿಕೊಂಡ ಸಾಲನ್ನು ನೋಡಿದ.

"ಅಂತೂ ಕಾರು ಬಂತಲ್ಲ ಮಾರಾಯ" ಎಂದ.

ನನ್ನ ಹೆಂಡತಿ ಒಂದು ಮೂಟೆಯ ಮೇಲೆ ಹತ್ತಿ ಕೂತು, ಕಾಲು ಇಳಿಬಿಟ್ಟು, ನನಗೊಂದು ಕಾಫಿ ಮಾಡಿ ತನ್ನಿ ಎಂದಳು. ನಾನು ಒಳಗೆ ಹೋಗಿ ಒಲೆ ಹಚ್ಚಿದೆ.